ಗಾದಿ ಕಾಶೀಂಸಾಬನ ಬೇಸ್‌ಬಾಲ್ ತಂಡ

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬರೀ ಕಾಶೀಂಸಾಬ ಎಂದು ಕೇಳಿದರೆ ಮೂರು ಮನೆ ತೋರಿಸುತ್ತಾರೆ. ಗಾದಿ ಕಾಶೀಂಸಾಬ ಅನ್ನಬೇಕು. ಅವನ ಅಪ್ಪ, ಅಜ್ಜ ಎಲ್ಲರೂ ಪಿಂಜಾರರು. ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ರಾಜೂರ, ಇಟಗಿ ಅಂತ ಊರೂರು ತಿರುಗಿ, ಮದುವೆ ಮನೆಯ ಅಂಗಳದಲ್ಲಿ ಕುಳಿತು ಅರಳೆ ಹಿಂಜಿ ಗಾದಿ ಹೊಲಿದವರು. ಕಾಶೀಂಸಾಬನೂ ನಡುವಯಸ್ಸಿನವರೆಗೆ ಹಾಗೇ ತಿರುಗಿದ. ಆಮೇಲೆ ಮಷಿನ್ ಬಂತು, ಬಿಲ್ಲು ಗೋಡೆಯ ಗೂಟಕ್ಕೆ ಹೋಯಿತು. ಅಯ್ಯೋ ಬಿಲ್ಲಿನ ಕಸುಬು ಹೋಯಿತಲ್ಲ ಎಂದು ಮರುಗುವವರು ಆ ಬಿಲ್ಲನ್ನು ಒಂದು ದಿನ ಹಿಡಿದು ನೋಡಬೇಕು. ಅರಳೆಯ ಧೂಳು ಎದೆಯಲ್ಲಿ ಹೊಕ್ಕು ಕೂತರೆ ಯಾವ ದವಾಖಾನಿಯ ಔಷಧಕ್ಕೂ ಬಗ್ಗುವುದಿಲ್ಲ. ಕಾಶೀಂಸಾಬನ ಕೆಮ್ಮು ಅವನಿಗಿಂತ ಮೊದಲು ಓಣಿ ತಿರುಗುತ್ತಿತ್ತು.

ಇಂಥವನು ಬೇಸ್‌ಬಾಲ್ ಕಲಿಸಲು ಹೇಗೆ ನಿಂತ ಎಂದರೆ, ಒಂದು ಹರಿದ ಗ್ಲೌಸಿನಿಂದ. ಎರಡು ಸಾವಿರದ ನಾಲ್ಕರಲ್ಲಿ ಹೈಸ್ಕೂಲಿನ ಪಿ.ಟಿ. ಮಾಸ್ತರ ಶಿವನಪ್ಪ ಅದನ್ನು ತಂದು ಅವನ ಮುಂದಿಟ್ಟ. "ಕಾಶೀಂಸಾಬ್ರ, ಇದಕ್ಕ ಒಂದಿಷ್ಟು ಅರಳಿ ತುಂಬಿ ಹೊಲದ ಕೊಡ್ರಿ." ಇದೆಂಥ ಕೈ, ರಾಕ್ಷಸಂದೇನು ಎಂದು ಕೇಳಿದವನು ಸಂಜೆ ಮೈದಾನಕ್ಕೆ ನೋಡಲು ಹೋದ. ಮರುದಿನವೂ ಹೋದ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನಿಗೆ ಆಟ ಅಂದರೆ ಬೇರೆಯವರ ಮಕ್ಕಳು ಆಡುವಂಥದ್ದು. ಇಲ್ಲಿ ಮಾಸ್ತರ ಅವನ ಕೈಗೆ ಚೆಂಡು ಕೊಟ್ಟು ಒಗೀರಿ ಅಂದ. ವರ್ಷಾನುಗಟ್ಟಲೆ ಬಿಲ್ಲಿನ ನರ ಮಿಡಿದ ತೋಳು ಅದು. ಚೆಂಡು ಗೋಡೆ ದಾಟಿ ಹೋಗಿ ಯಾರದೋ ಹಿತ್ತಲಲ್ಲಿ ಬಿತ್ತು.

ಮರುವರ್ಷ ಶಿವನಪ್ಪ ಮಾಸ್ತರನಿಗೆ ನರಗುಂದಕ್ಕೆ ವರ್ಗವಾಯಿತು. ಹೊಸ ಮಾಸ್ತರ ಬರಲಿಲ್ಲ. ಬರೂತನಕ ನೀವ ನೋಡ್ಕೊಳ್ರಿ ಎಂದು ಹೆಡ್‌ಮಾಸ್ತರರು ಕಪಾಟಿನ ಕೀಲಿ ಕೊಟ್ಟರು. ಒಳಗೆ ಎರಡು ಬ್ಯಾಟು, ಒಂದಿಷ್ಟು ಚೆಂಡು, ಕ್ಯಾಚರ್ ಮುಖಕ್ಕೆ ಹಾಕುವ ತಂತಿ ಜಾಳಿಗೆ. ಎದೆಗೆ ಕಟ್ಟುವ ಪ್ಯಾಡನ್ನು ಇಲಿ ತಿಂದು ಹಾಕಿತ್ತು.

ಹುಡುಗರು ಕ್ರಿಕೆಟ್ ಆಡಿ ಕೆಟ್ಟವರು. ಚೆಂಡು ಹೊಡೆದರೆ ಬ್ಯಾಟು ಹಿಡಿದುಕೊಂಡೇ ಓಡುತ್ತಿದ್ದರು, ಬೇಸ್ ಹತ್ತಿರ ಬಂದು ಅದನ್ನು ನೆಲಕ್ಕೆ ಚಾಚುತ್ತಿದ್ದರು. ಕಾಶೀಂಸಾಬನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಬ್ಯಾಟ ಒಗದು ಓಡಲೇ ಖಾದರ, ಅದೇನು ನಿಮ್ಮವ್ವ ಕಟ್ಟಿ ಕೊಟ್ಟ ಬುತ್ತೀ ಗಂಟೇನು?"

"ಬಿಟ್ರ ಯಾರರೆ ಒಯ್ತಾರ ಕಾಕಾ."

"ಒಯ್ಯಲಿ ತಗೋ. ನಿನ್ನನ್ನೂ ಒಯ್ದಿದ್ರ ನಾ ಆರಾಮ ಇರ್ತಿದ್ದೆ."

ಬೈಯುತ್ತಾ ಬೈಯುತ್ತಾ ಅವನು ತಂಡ ಕಟ್ಟಿದ. ಗ್ಲೌಸು ಹೊಲಿದ, ಓಡುವವರು ಕಾಲಿಡುವ ದಿಂಬಿನಂಥ ಮೂರು ಬೇಸು ಹೊಲಿದ, ಎದೆಗೆ ಪ್ಯಾಡು ಹೊಲಿದ. ಎರಡು ಸಾವಿರದ ಆರರಲ್ಲಿ ಮೊದಲ ಸಲ ಅವರಿಗೆ ಗದಗಿನ ಜಿಲ್ಲಾ ಪಂದ್ಯಕ್ಕೆ ಕರೆ ಬಂತು.

ಆ ಪ್ಯಾಡು, ಆ ಬೇಸುಗಳ ಒಳಗೆ ತುಂಬಿದ ಅರಳೆಯ ಮಾತು ಇಲ್ಲಿ ಹೇಳಲೇಬೇಕು.

ರಾಜೂರಿನ ಹೇಮಪ್ಪ ಎಂಬ ಒಕ್ಕಲಿಗ ಲಕ್ವಾ ಹೊಡೆದು ವರ್ಷಗಟ್ಟಲೆ ಮಲಗಿ ತೀರಿಕೊಂಡಿದ್ದ. ಸತ್ತವರು ಕೊನೆಗೆ ಮಲಗಿದ ಗಾದಿಯನ್ನು ನಮ್ಮ ಕಡೆ ಮನೆಯಲ್ಲಿ ಇಡುವುದಿಲ್ಲ, ಹಳ್ಳಕ್ಕೆ ಒಯ್ದು ಸುಡುತ್ತಾರೆ. ಪಿಂಜಾರರೂ ಆ ಅರಳೆಯನ್ನು ಬೇರೆ ಅರಳೆಯಲ್ಲಿ ಬೆರೆಸುವುದಿಲ್ಲ. ಹೇಮಪ್ಪನ ಹೆಂಡತಿ ಮಾಳವ್ವನಿಗೆ ಅದನ್ನು ಸುಡಲು ಕೈ ಏಳಲಿಲ್ಲ. ಚಕ್ಕಡಿಯಲ್ಲಿ ಹಾಕಿಕೊಂಡು ಬಂದು ಕಾಶೀಂಸಾಬನ ಅಂಗಡಿಗೆ ಇಳಿಸಿದಳು. "ನನ್ನ ಲಗ್ನಕ್ಕ ನೀವ ಹೊಲದದ್ದು ಅಣ್ಣಾ. ನೀವ ಸುಟ್ಟು ಬಿಡ್ರಿ."

ಸುಡುತ್ತೇನೆ ಅಂದ. ಹಳ್ಳದ ತನಕ ಒಯ್ದೂ ಒಯ್ದ. ಅಲ್ಲಿ ಹೊಲಿಗೆ ಬಿಚ್ಚಿ ಕೈ ಹಾಕಿ ನೋಡಿದ. ಮಾಳವ್ವನ ತವರಿನ ಹೊಲದ ಅರಳೆ, ಅವನು ಪ್ರಾಯದಲ್ಲಿ ಬಿಲ್ಲಿನಿಂದ ಹಿಂಜಿದ್ದು. ಇಪ್ಪತ್ತು ವರ್ಷ ಕಳೆದರೂ ಗಂಟು ಬಿದ್ದಿರಲಿಲ್ಲ, ಒತ್ತಿ ಬಿಟ್ಟರೆ ಮತ್ತೆ ಏಳುತ್ತಿತ್ತು. ಈಗಿನ ಮಷಿನ್ ಅರಳೆ ಎರಡು ಮಳೆಗಾಲಕ್ಕೆ ರೊಟ್ಟಿಯಾಗುತ್ತದೆ. ಕಡ್ಡಿ ಗೀರಲು ಅವನಿಂದಾಗಲಿಲ್ಲ. ಮೇಲಿನ ಬಟ್ಟೆಯ ಖೋಳವನ್ನಷ್ಟೇ ಸುಟ್ಟು, ಅರಳೆಯನ್ನು ಚೀಲಕ್ಕೆ ತುಂಬಿ ತಂದು, ಮಾಳಿಗೆಯ ಮೇಲೆ ಹರಡಿ ಬಿಸಿಲು ಕಾಣಿಸಿದ. ಗಿರಾಕಿಗಳ ಗಾದಿಗೆ ಹಾಕಲಿಲ್ಲ, ಅಷ್ಟು ನೀತಿ ಇತ್ತು. ಆಟದ ಸಾಮಾನಿಗೆ ಹಾಕಿದರೆ ಯಾರಿಗೇನು ಅಂದುಕೊಂಡ. ಹೆಂಡತಿ ಮಾಬೂಬಿಗೂ ಹೇಳಲಿಲ್ಲ.

ಹೇಮಪ್ಪನ ಮಗ ಹಾಲೇಶ ತಂಡದಲ್ಲೇ ಇದ್ದ. ದೂರ ನಿಂತು ಚೆಂಡು ಹಿಡಿಯುವವನು. ಬೇಸಿನ ಮೇಲೆ ಎಲ್ಲರ ಹಾಗೆ ಅವನೂ ಕಾಲಿಡುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಕಾಶೀಂಸಾಬ ಆಕಡೆ ಮುಖ ತಿರುಗಿಸುತ್ತಿದ್ದ.

ಗದಗಿನ ಪಂದ್ಯ ಹತ್ತಿರ ಬಂದಾಗ ಕ್ಯಾಚರ್ ಖಾದರನ ಹೆಬ್ಬೆರಳು ಚೆಂಡಿನ ಹೊಡೆತಕ್ಕೆ ಮುರಿಯಿತು. ಬ್ಯಾಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚದೆ ಚೆಂಡು ಹಿಡಿಯುವ ಎದೆಗಾರಿಕೆ ಉಳಿದವರ ಪೈಕಿ ಒಬ್ಬನಿಗೇ ಇತ್ತು. ಹಾಲೇಶನಿಗೆ. ಅವನೇ ಮುಂದೆ ಬಂದು ಪ್ಯಾಡು ಕಟ್ಟಿಕೊಂಡ.

"ಭಾಳ ಮೆತ್ತಗ ಐತಿ ಕಾಕಾ," ಅಂದ ಎದೆ ತಟ್ಟಿಕೊಂಡು. "ಇದನ್ನ ಕಟ್ಕೊಂಡ ಮಲಗಬಹುದು."

ಕಾಶೀಂಸಾಬ ಅಂದು ಯಾರಿಗೂ ಬೈಯಲಿಲ್ಲ. ಹುಡುಗರಿಗೆ ಅದೇ ಅಂಜಿಕೆಯಾಯಿತು.

ಮನೆಗೆ ಬಂದವನೇ ಪ್ಯಾಡನ್ನು ತೊಡೆಯ ಮೇಲೆ ಹಾಕಿಕೊಂಡು ದಬ್ಬಣದಿಂದ ಹೊಲಿಗೆ ಎತ್ತತೊಡಗಿದ. ಮಾಬೂಬಿ ನೋಡಿದಳು. "ನಿನ್ನೆ ಚಲೋ ಇದ್ದದ್ದನ್ನ ಇವತ್ತ ಯಾಕ ಬಿಚ್ಚಾಕತ್ತೀರಿ?" ಆಗ ಅವಳಿಗೆ ಎಲ್ಲ ಹೇಳಿದ.

"ಅರಳಿ ಬದಲ ಮಾಡಿ ಬಿಡ್ತೀನಿ, ಮುಗೀತಲ್ಲ," ಅಂದ.

"ಪ್ಯಾಡಿನ್ಯಾಗಿಂದು ಬದಲ ಆಕ್ಕತಿ. ಆಕಿಗೆ ಕೊಟ್ಟ ಮಾತು?"

ಇವನು ಸಿಟ್ಟಿಗೆದ್ದು ಏನೋ ಅನ್ನುವಷ್ಟರಲ್ಲಿ ಹೊರಗೆ ಧ್ವನಿ ಕೇಳಿತು. ಅದು ಸಂತೆಯ ದಿನ. ಮಾಳವ್ವ ಕೈಚೀಲ ಹಿಡಿದು ಹೊಸ್ತಿಲ ಬಳಿ ಬಂದು ನಿಂತಿದ್ದಳು. ಮಾಬೂಬಿ ಚಾಪೆ ಹಾಸಿ ನೀರು ಕೊಟ್ಟಳು. ನೀರು ಕುಡಿದ ಮೇಲೂ ಮಾಳವ್ವ ತಂಬಿಗೆ ಕೆಳಗಿಡಲಿಲ್ಲ.

"ಒಂದು ಮಾತ ಕೇಳ್ತೀನಿ, ತಪ್ಪ ತಿಳಕೋಬ್ಯಾಡ್ರಿ ಅಣ್ಣಾ. ಹಾಲೇಶನ ಅಪ್ಪ ಕನಸಿನ್ಯಾಗ ಬರಾಕತ್ತಾನ. ಮಲಗಾಕ ಜಾಗಾ ಹುಡುಕ್ತಾನ, ಆ ಮೂಲಿ ಈ ಮೂಲಿ ತಿರಗ್ತಾನ. ಆ ಗಾದಿ ಪೂರಾ ಸುಟ್ಟಿತ್ತಲ್ರಿ? ಎಲ್ಲೆರೆ ಅರ್ಧಾ ಮರ್ಧಾ ಉಳದಿಲ್ಲಲ್ಲ?"

ಅವಳು ಅನುಮಾನಪಟ್ಟು ಕೇಳಿದ್ದಲ್ಲ. ಹೌದು, ಪೂರಾ ಸುಟ್ಟಿತು ಎಂದು ಒಂದು ಮಾತು ಕೇಳಿದ್ದರೆ ಸಮಾಧಾನದಿಂದ ಎದ್ದು ಹೋಗುತ್ತಿದ್ದಳು. ಕಾಶೀಂಸಾಬನಿಗೂ ಅದು ಗೊತ್ತಿತ್ತು. ಅವನ ಬಾಯಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ತೊಡೆಯ ಮೇಲಿನ ಪ್ಯಾಡನ್ನು ಎತ್ತಿ ಅವಳ ಮುಂದಿಟ್ಟ.

"ಸುಟ್ಟಿಲ್ಲ ತಂಗೆವ್ವಾ. ಇದರಾಗ ಐತಿ. ಮೈದಾನದಾಗ ಇನ್ನ ಮೂರು ಅದಾವ, ಅದರಾಗೂ ಐತಿ."

ಮಾಳವ್ವ ಹೊಲಿಗೆ ಬಿಚ್ಚಿದ ಕಡೆ ಬೆರಳು ಹಾಕಿದಳು. ಒಂದು ಎಳೆ ಹೊರಗೆಳೆದು ಬೆಳಕಿಗೆ ಹಿಡಿದಳು.

"ಇದನ್ನ ಯಾರು ಕಟ್ಕೋತಾರು?"

"ಇವತ್ತಿನಿಂದ ಹಾಲೇಶ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಎಲ್ಲಾ ತಗೊಂಡ ನಡೀರಿ," ಅಂದಳು.

ಸೈಕಲ್ಲಿನ ಹಿಂದೆ ಪ್ಯಾಡನ್ನೂ ಮೈದಾನದಿಂದ ಎತ್ತಿದ ಬೇಸುಗಳನ್ನೂ ಹೇರಿಕೊಂಡು ಕಾಶೀಂಸಾಬ ಮುಂದೆ, ಮಾಳವ್ವ ಹಿಂದೆ, ಹಳ್ಳದ ದಂಡೆಗೆ ಹೋದರು. ಮೈದಾನದಲ್ಲಿದ್ದ ಹುಡುಗರು ದೂರದಿಂದಲೇ ಹಿಂಬಾಲಿಸಿದರು. ಹಾಲೇಶ ಬಂದು ತಾಯಿಯ ಪಕ್ಕದಲ್ಲಿ ನಿಂತ. ಅವಳು ಅವನಿಗೆ ಎರಡೇ ಮಾತಿನಲ್ಲಿ ತಿಳಿಸಿದಳು. ಹುಡುಗ ತನ್ನ ಎದೆಯ ಮೇಲೊಮ್ಮೆ ಕೈ ಆಡಿಸಿಕೊಂಡ. ಕಾಶೀಂಸಾಬನ ಕಡೆ ನೋಡಲಿಲ್ಲ.

ಒತ್ತಿ ತುಂಬಿದ ಅರಳೆ ಭಗ್ಗನೆ ಉರಿಯುವುದಿಲ್ಲ. ಒಳಗೊಳಗೇ ಕೆಂಪಗಾಗಿ, ಹೊಗೆಯಾಡುತ್ತಾ, ತನ್ನ ಮನಸ್ಸಿಗೆ ಬಂದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಕೋಲಿನಿಂದ ಕೆದರಿ ಕೆದರಿ ಸುಡಬೇಕಾಯಿತು. ಹೊಗೆಗೆ ಅವನು ಕೆಮ್ಮಿದ. ಕೋಲು ಮಾತ್ರ ಬಿಡಲಿಲ್ಲ.

"ಭಾಳ ಚಲೋ ಅರಳಿ ಇತ್ತು ತಂಗೆವ್ವಾ. ಕೈ ಏಳಲಿಲ್ಲ," ಅಂದ ಕೊನೆಗೆ.

"ಇಪ್ಪತ್ತು ವರ್ಷ ಅದರ ಮ್ಯಾಲ ಮಲಗಿದಾಕಿ ನಾನು. ಚಲೋ ಅರಳಿ ಅಂತ ನನಗ ಗೊತ್ತಿರಲಿಲ್ಲೇನು?" ಅಂದಳು. "ಗೊತ್ತಿದ್ದಕ್ಕ ಸುಡ್ರಿ ಅಂದೆ."

ಅವನು ಉಳಿದ ಕೆಂಡವನ್ನೂ ಕೋಲಿನಿಂದ ಕೆದರಿ ಬೂದಿ ಮಾಡಿದ.

ಮರುದಿನ ಹಾಲೇಶ ಆಟಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕ್ಯಾಚರ್ ಇಲ್ಲದೆ ತಂಡ ಗದಗಿಗೆ ಹೋಗುವಂತಿರಲಿಲ್ಲ. ನಾವು ರಾಜೂರಿಗೆ ಹೋಗಿ ಕರಕೊಂಡ ಬರ್ತೇವಿ ಎಂದು ಹುಡುಗರು ಹೊರಟರೆ ಕಾಶೀಂಸಾಬ ಅಡ್ಡ ನಿಂತ. "ಯಾವ ಮಕಾ ಹೊತ್ತು ಹೋಗ್ತೀರಲೇ? ಮೊದಲ ನನ್ನ ಮಕಾ ತೊಳೀರಿ." ಕೀಲಿಯನ್ನು ಹೆಡ್‌ಮಾಸ್ತರರಿಗೆ ತಿರುಗಿ ಕೊಡಬೇಕೆಂದು ಜೇಬಿನಲ್ಲಿ ಹಾಕಿಕೊಂಡು ಎರಡು ಸಲ ಸಾಲಿಯ ಗೇಟಿನ ತನಕ ಹೋಗಿ ಬಂದ. ಕಲಿಸುವುದು ಬಿಟ್ಟರೆ ತನ್ನಲ್ಲಿ ಉಳಿಯುವುದು ಕೆಮ್ಮೊಂದೇ ಎಂಬುದು ಆ ಗೇಟಿನ ಮುಂದೆ ಅವನಿಗೆ ಅರಿವಾಯಿತು.

ಮುಂದಿನ ಭಾನುವಾರ ಹಾಲೇಶ ಸೈಕಲ್ಲಿನ ಮೇಲೆ ಒಂದು ಚೀಲ ಹೇರಿಕೊಂಡು ಬಂದು ಅಂಗಡಿಯ ಮುಂದೆ ಇಳಿಸಿದ. ಕಾಳು ಬಿಡಿಸದ ಹತ್ತಿ.

"ಅಕ್ಕ ಮೇಘಾನ ಲಗ್ನದ ಗಾದಿಗೆ ಅಂತ ಅಟ್ಟದ ಮ್ಯಾಲ ಇಟ್ಟಿದ್ದು. ಇದರಾಗ ಪ್ಯಾಡ ಹೊಲೀರಿ ಅಂದಾಳ ನಮ್ಮವ್ವ."

"ಮತ್ತೇನಂದ್ಲು?"

ಹುಡುಗ ಹೇಳಲೋ ಬೇಡವೋ ಎಂದು ನಿಂತ. "ಮಷಿನ್ನಿಗೆ ಹಾಕಬ್ಯಾಡ್ರಿ ಅಂದಾಳ, ಬ್ಯಾರೆ ಅರಳಿ ಕೂಡ್ತದ. ಆಕಿ ಬರಾಕತ್ತಾಳ ಹಿಂದ ಬರೋ ಬಸ್ಸಿಗೆ. ತನ್ನ ಕಣ್ಣ ಮುಂದ ಹೊಲೀಬೇಕಂತ."

ಅವತ್ತು ಇಡೀ ತಂಡ ಅಂಗಡಿಯಲ್ಲಿ ಚಾಪೆಯ ಮೇಲೆ ಕೂತು ಹತ್ತಿಯಿಂದ ಕಾಳು ಬಿಡಿಸಿತು. ಬೆರಳಿಗೆ ಪಟ್ಟಿ ಸುತ್ತಿಕೊಂಡ ಖಾದರ ಒಂದೇ ಕೈಯಲ್ಲಿ ಬಿಡಿಸುತ್ತಾ, ಬಿಡಿಸಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು ಎಂದು ಎಲ್ಲರಿಂದ ಬೈಸಿಕೊಂಡ. ಕಾಶೀಂಸಾಬ ಗೂಟದಿಂದ ಬಿಲ್ಲು ಇಳಿಸಿ, ಧೂಳು ಒರೆಸಿ, ನರ ಬಿಗಿದ. ಬ್ಯಾಡ್ರಿ, ಎದಿ ಹಿಡೀತೈತಿ ಅಂತ ಮಾಬೂಬಿ ಅಂದಳು. ಮೂಗಿಗೆ ಟವೆಲ್ ಕಟ್ಟಿಕೊಂಡು ಕೂತ. ವರ್ಷಗಳ ಮೇಲೆ ಓಣಿಯಲ್ಲಿ ಬಿಲ್ಲಿನ ಸದ್ದು ಎದ್ದಿತು. ಎದುರಿಗೆ ಗೋಡೆಗೆ ಒರಗಿ ಮಾಳವ್ವ ಕೂತಿದ್ದಳು. ಅರಳೆ ಹಿಂಜಿ, ಖೋಳಕ್ಕೆ ತುಂಬಿ, ಕೊನೆಯ ಹೊಲಿಗೆ ಹಾಕುವ ತನಕ ಅವಳ ಕಣ್ಣು ಅವನ ಕೈ ಬಿಟ್ಟು ಅಲುಗಲಿಲ್ಲ. ಚಹಾ ಕೊಟ್ಟರೂ ಕೈಯನ್ನೇ ನೋಡುತ್ತಾ ಕುಡಿದಳು. ಹೊಲಿದ ಪ್ಯಾಡನ್ನು ಕಾಶೀಂಸಾಬ ಅವಳಿಗೇ ಕೊಟ್ಟ. ಅವಳು ಒತ್ತಿ ನೋಡಿ ಮಗನ ಎದೆಗೆ ತಾನೇ ಕಟ್ಟಿದಳು.

ಗದಗಿನಲ್ಲಿ ಅವರು ಮೊದಲ ಪಂದ್ಯದಲ್ಲೇ ಸೋತರು. ಎದುರಿನವರು ಊರೂರು ಆಡಿ ಪಳಗಿದವರು. ನಮ್ಮ ಹುಡುಗನೊಬ್ಬ ಗಡಿಬಿಡಿಯಲ್ಲಿ ಬ್ಯಾಟು ಹಿಡಿದುಕೊಂಡೇ ಓಡಿ, ನೋಡುವವರು ನಗುವಂತೆ ಮಾಡಿದ. ಹಾಲೇಶ ಮಾತ್ರ ಕೊನೆಯ ತನಕ ಬ್ಯಾಟಿನ ಹಿಂದೆ ಕೂತೇ ಇದ್ದ. ಒಂದು ಚೆಂಡು ನೆಲಕ್ಕೆ ಬಡಿದು ಎದ್ದು ನೇರ ಎದೆಗೆ ಅಪ್ಪಳಿಸಿತು. ಆ ಸದ್ದು ಗೆರೆಯಾಚೆ ನಿಂತ ಕಾಶೀಂಸಾಬನಿಗೂ ಕೇಳಿತು, ಅವನು ಎರಡು ಹೆಜ್ಜೆ ಮೈದಾನದೊಳಗೆ ಬಂದೇಬಿಟ್ಟ. ಹುಡುಗ ಎದೆಯಿಂದ ಉರುಳಿದ ಚೆಂಡನ್ನು ಹೆಕ್ಕಿ, ಎದ್ದು, ಒಗೆದ.

ಬರುವಾಗ ಬಸ್ಸಿನಲ್ಲಿ ರೋಣ ದಾಟಿದ ಮೇಲೆ ಹಾಲೇಶ ಕಾಶೀಂಸಾಬನ ಪಕ್ಕಕ್ಕೆ ಬಂದು ಕೂತ. "ಹಳೇದಕಿಂತ ಇದು ಒರಟ ಐತಿ ಕಾಕಾ," ಅಂದ. ಕಾಶೀಂಸಾಬ ಕಿಟಕಿಯ ಕಡೆ ತಿರುಗಿದ.

ಆ ವಾರದ ಸಂತೆಗೆ ಮಾಳವ್ವ ಬಂದಳು. ಗೆದ್ದರೇ, ಸೋತರೇ ಎಂದು ಕೇಳಲಿಲ್ಲ.

"ಆಟ ಮುಗೀತಲ್ರಿ. ಮೇಘಾನ ಅರಳಿ ಕೊಡ್ರಿ."

ಕಾಶೀಂಸಾಬ ಪ್ಯಾಡು ತಂದು ಅವಳ ಮುಂದೆಯೇ ಬಿಚ್ಚಿದ. ಖೋಳದ ಮೂಲೆಮೂಲೆಗೆ ಬೆರಳು ಹಾಕಿ ಎಳೆ ಎಳೆಯಾಗಿ ತೆಗೆದು ಅವಳ ಚೀಲಕ್ಕೆ ತುಂಬಿದ. ಬರಿದಾದ ಖೋಳವನ್ನು ತಿರುವಿ ಕೊಡವಿ ತೋರಿಸಿದ.

"ಮೇಘಾನ ಗಾದಿ ಯಾರ ಕಡೆ ಹೊಲಸ್ತೀ ತಂಗೆವ್ವಾ?" ಎಂದು ಕೇಳಿದ. ಕೇಳಬಾರದಿತ್ತು ಎಂದು ಆಮೇಲೆ ಅನಿಸಿತು.

ಮಾಳವ್ವ ಚೀಲದ ಬಾಯಿ ಕಟ್ಟಿದಳು. "ನಿಮ್ಮ ಕಡೇನ. ಮುಂದ ನಾ ಕುಂತಿರ್ತೀನಿ."

ಅವಳು ಹೋದ ಮೇಲೆ ಅವನು ತನ್ನ ಅಂಗಿಯ ತೋಳು ನೋಡಿಕೊಂಡ. ಅಲ್ಲಿ ಒಂದಿಷ್ಟು ಅರಳೆ ಅಂಟಿತ್ತು, ಚಾಪೆಯ ಮೇಲೂ ಸ್ವಲ್ಪ. ಎಲ್ಲವನ್ನೂ ಆರಿಸಿ ಚಿಟಿಕೆಯಷ್ಟು ಮಾಡಿ ಹಿಡಿದುಕೊಂಡು, ಕೆಮ್ಮುತ್ತಾ ಬಸ್ ನಿಲ್ದಾಣದ ತನಕ ಓಡಿದ. ರಾಜೂರ ಬಸ್ಸು ಇನ್ನೂ ನಿಂತಿತ್ತು. ಕಿಟಕಿಯಲ್ಲಿ ಕೈ ನೀಡಿದ.

"ಇದಿಷ್ಟು ಉಳದಿತ್ತು."

ಮಾಳವ್ವ ಅವನ ಮುಖ ನೋಡಿದಳು, ಕೈ ನೋಡಿದಳು. ಆ ಚಿಟಿಕೆ ಅರಳೆಯನ್ನು ತೆಗೆದುಕೊಂಡು ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡಳು.