ಪಾಮನಕಲ್ಲೂರಿನ ಪದ, ಸಿಂಧನೂರಿನ ಸ್ಪೀಕರ್

ಕಲಬುರಗಿಯಿಂದ ಮಧ್ಯಾಹ್ನ ಹೊರಟ ಬಸ್ಸು ಸುರಪುರದಲ್ಲಿ ಚಹಾಕ್ಕೆಂದು ನಿಂತು, ಸಂಜೆ ಐದೂವರೆಗೆ ಲಿಂಗಸುಗೂರು ತಲುಪಿತು. ಜನವರಿಯ ಕೊನೆಯ ವಾರ. ದಾರಿಯುದ್ದಕ್ಕೂ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ನಿಲ್ದಾಣದ ಹೊರಗೆ ಗೆಳೆಯ ಅಮರೇಶ ಜೀಪಿಗೆ ಒರಗಿಕೊಂಡು ಕಾಯುತ್ತಿದ್ದ. ಕಾಲೇಜಿನಲ್ಲಿ ನಾವು ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು. ಈಗ ಅವನು ಎರೆಹೊಲ ಮಾಡುತ್ತಾನೆ, ನಾನು ಪತ್ರಿಕೆಯ ಕೆಲಸ ಮಾಡುತ್ತೇನೆ.

ಜೀಪು ಅವನು ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಾಲ್ಕೂ ಗಾಲಿ ಎಳೆಯುತ್ತವೆ; ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಅದೇ ಬೇಕು. ಮೇಲೆ ಕ್ಯಾನ್ವಾಸ್, ಒಳಗೆ ಕಂಪನಿಯವರು ಕೊಟ್ಟ ಸ್ಟೀರಿಯೊ. ನಲವತ್ತರ ವೇಗ ದಾಟಿದರೆ ಗಾಳಿ ಮತ್ತು ಎಂಜಿನ್ನಿನ ಸದ್ದಿನಲ್ಲಿ ಅದು ಹಾಡುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಮರುದಿನ ಸಿಂಧನೂರಿಗೆ ಹೋಗಿ ಅದನ್ನು ತೆಗೆಸಿ ಹೊಸದು ಕೂರಿಸುವುದಿತ್ತು. ಜೊತೆಗೆ ಬಾ ಎಂದು ಕರೆದಿದ್ದ. ಕಾರಣವನ್ನು ಊಟದ ಹೊತ್ತಿಗೆ ಹೇಳಿದ.

ಅವನ ಸೋದರಮಾವ ಹುಸೇನಪ್ಪ ಪಾಮನಕಲ್ಲೂರಿನವರು. ಮೊಹರಂನಲ್ಲಿ ಕರ್ಬಲಾದ ಕಥೆಯ ರಿವಾಯತ್ ಪದ ಹಾಡುವ ಮೇಳದ ಮುಂದಾಳು. ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಅಮರೇಶನೊಂದಿಗೆ ಹೋಗಿ ನಾನೂ ಕೇಳಿದ್ದೆ. ಊರ ಅಗಸಿ ದಾಟಿ ಆಚೆ ಹೊಲದವರೆಗೆ ಕೇಳುವ ದನಿ. ಕಳೆದ ವರ್ಷ ಗಂಟಲಿನಲ್ಲಿ ಗಂಟಾಗಿ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವರದು ಪಿಸುಮಾತು ಮಾತ್ರ.

ಊರಿನ ಮೈಕ್ ಸೆಟ್ಟಿನವನು ಹಿಂದೊಮ್ಮೆ ರೆಕಾರ್ಡ್ ಮಾಡಿಕೊಂಡಿದ್ದ ಒಂದು ಪದ ಅಮರೇಶನ ಪೆನ್‌ಡ್ರೈವಿನಲ್ಲಿದೆ. ಇನ್ನೆಲ್ಲೂ ಇಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಜೀಪಿನಲ್ಲಿ ಅದನ್ನು ಹಾಕಿದಾಗ ಮಾವ ಎರಡು ಸಾಲು ಕೇಳಿ, ಬಂದ್ ಮಾಡು ಎಂದು ಸನ್ನೆ ಮಾಡಿ ಇಳಿದುಬಿಟ್ಟರಂತೆ.

"ಆ ಡಬ್ಬಿ ಸ್ಪೀಕರ್‌ನಾಗ ಅದು ಮಾವನ ದನಿ ಅನಸಂಗೇ ಇಲ್ಲ. ಅದಕ್ಕ ಎದ್ದ ಹೋದ್ರು," ಎಂದ ಅಮರೇಶ. "ಚಲೋ ಸೆಟ್ ಹಾಕ್ಸಿ, ಒಂದ್ ಸಲ ಪೂರಾ ಕೇಳ್ಸಬೇಕು ಲೇ. ಅಷ್ಟ ಆಸೆ."

ಬೆಳಿಗ್ಗೆ ಏಳೂವರೆಗೆ ಹೊರಟೆವು. ಮಸ್ಕಿಗೆ ಮೂವತ್ತು ಕಿಲೋಮೀಟರಿಗೂ ಕಡಿಮೆ ದಾರಿ. ಕ್ಯಾನ್ವಾಸಿನ ಸಂದಿಯಿಂದ ಚಳಿಗಾಳಿ ಕಿವಿಗೆ ಹೊಡೆಯುತ್ತಿತ್ತು. ಗುಡ್ಡದ ಬಂಡೆಗಳು ಕಂಡ ಸ್ವಲ್ಪ ಹೊತ್ತಿಗೆ ಮಸ್ಕಿ ಬಸ್ ನಿಲ್ದಾಣ ಬಂತು. ಪಾಮನಕಲ್ಲೂರಿನ ಮೊದಲ ಬಸ್ಸಿಗೆ ಬಂದ ಹುಸೇನಪ್ಪ ಮಾವ ಬಿಳಿ ರುಮಾಲು ಸುತ್ತಿಕೊಂಡು, ಕೊರಳಿಗೆ ಉಣ್ಣೆಯ ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಅವರಿಗೆ ಸಿಂಧನೂರಿನಲ್ಲಿ ಗುಳಿಗೆ ತರುವುದಿತ್ತು. ಮಂಡಕ್ಕಿ ಮಿರ್ಚಿ ತಿಂದೆವು. ಮಾವ ಮಿರ್ಚಿ ಮುಟ್ಟಲಿಲ್ಲ. ಚಹಾ ಆರಿಸಿ ಗುಟುಕು ಗುಟುಕಾಗಿ ಕುಡಿದರು.

"ನೀ ಪೇಪರ್‌ನಾಂವ ಹೌದಲ್ಲೋ ತಮ್ಮಾ?" ಎಂದು ಕೇಳಿದರು. ಬಗ್ಗಿ ಕಿವಿ ಕೊಟ್ಟರಷ್ಟೇ ಕೇಳುವ ದನಿ. ಹೌದೆಂದೆ. "ನನ್ನ ಮಾತು ಬರ್ಕೊಳ್ಳಾಕ ಭಾಳ ಹಾಳಿ ಬೇಕಾಗಂಗಿಲ್ಲ ಬಿಡು," ಎಂದು ನಕ್ಕರು. ನಕ್ಕಾಗಲೂ ಸದ್ದಿರಲಿಲ್ಲ.

ಮಸ್ಕಿ ದಾಟಿದ ಮೇಲೆ ಭೂಮಿಯ ಬಣ್ಣ ಬದಲಾಗುತ್ತದೆ. ಜೋಳ, ಕಡಲೆ ಹಿಂದೆ ಉಳಿದು ಕಾಲುವೆಯ ನೀರು ಬರುತ್ತದೆ. ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದರು. ಸಿಂಧನೂರು ಹತ್ತಿರವಾದಂತೆ ಅಕ್ಕಿ ಗಿರಣಿಗಳು, ಟ್ರ್ಯಾಕ್ಟರ್ ಅಂಗಡಿಗಳು, ಬಸ್ಸಿಗೆ ಕೈ ಮಾಡುವವರ ಬಾಯಲ್ಲಿ ಅಲ್ಲಲ್ಲಿ ತೆಲುಗು. ಒಂಬತ್ತೂವರೆಗೆ, ಗಾಡಿಗಳಿಗೆ ಸ್ಪೀಕರ್ ಕೂರಿಸುವ ರಫೀಕನ ಅಂಗಡಿಯ ಮುಂದೆ ನಿಂತೆವು.

ಅಂಗಡಿ ಎಂದರೆ ಒಂದು ಶಟರ್, ಮುಂದೆ ತಗಡಿನ ನೆರಳು. ರಫೀಕನಿಗೆ ನಲವತ್ತು ಇರಬಹುದು. ಕೆಲಸಕ್ಕೆ ಅವನದೇ ಕ್ರಮವಿದೆ: ಬಿಚ್ಚುವ ಮೊದಲು ಹಳೆಯ ಸೆಟ್ಟನ್ನು ಪೂರ್ತಿ ಕೇಳುತ್ತಾನೆ, ಅದೂ ಗಿರಾಕಿ ತಂದ, ಗಿರಾಕಿಗೆ ಬಾಯಿಪಾಠವಿರುವ ಹಾಡನ್ನೇ.

"ನನ್ ಹಾಡ್ ಹಾಕಿ ನಿಮ್ಗೆ ಚಲೋ ಐತಿ ಅಂದ್ರ ಅದು ಧಂದಾ ಅಣ್ಣಾ. ನಿಮ್ ಹಾಡ್ ಹಾಕಿ ನೀವು ಚಲೋ ಐತಿ ಅಂದ್ರ ಅದು ಕೆಲಸ."

ಅಮರೇಶ ಪೆನ್‌ಡ್ರೈವ್ ಕೊಟ್ಟ. ದನಿ ಬಂತು. ತೆಳ್ಳಗೆ, ಕರಕರ ಎನ್ನುತ್ತ, ಆದರೂ ಅದೇ ದನಿ. ಹಿಂದೆ ಜಾತ್ರೆಯ ಗುಜುಗುಜಿನಂಥ ಏನೋ ಸದ್ದು. ಮೊದಲ ಸಾಲು ಮುಗಿಯುವ ಮೊದಲೇ ಹುಸೇನಪ್ಪ ಮಾವ ರಸ್ತೆ ದಾಟಿ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕುಳಿತರು. ಅಮರೇಶ ನನ್ನ ಮುಖ ನೋಡಿದ.

ರಫೀಕ ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದ. ಚಾಲಕನ ಕಡೆಯ ಬಾಗಿಲಿಗೆ ಅಂಗೈ ಒತ್ತಿದ. "ಅಣ್ಣಾ, ನಿಮ್ ಮಗ್ಗಲಿಂದು ಸತ್ತು ಎಷ್ಟ್ ದಿನಾ ಆತು?"

"ಏನ್ ಸತ್ತೈತೋ?"

"ಬಲಗಡೆ ಸ್ಪೀಕರ್. ದಮ್ಮೇ ಇಲ್ಲ. ಇಷ್ಟ್ ದಿನಾ ಒಂದ ಕಿವಿಲೇ ಕೇಳೀರಿ."

ಬಾಗಿಲಿನ ಪ್ಯಾಡ್ ಬಿಚ್ಚಿದಾಗ ಒಳಗಿನಿಂದ ಒಣಗಿದ ಎರೆಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಹಳ್ಳ ದಾಟಿದಾಗ ಹೊಕ್ಕ ನೀರಿನದು. ವೈರು ತುಕ್ಕು ಹಿಡಿದು ತುಂಡಾಗಿತ್ತು. "ಯಾ ಅಲ್ಲಾ! ಇದ್ರಾಗ ಕಡ್ಲಿ ಬಿತ್ತೀರೇನ್ರೀ?" ಎಂದ ರಫೀಕ. ಒಂದು ವೈರು ಬೆಸೆದರೂ ಸದ್ಯಕ್ಕೆ ನಡೆಯುತ್ತದೆ ಎಂದೂ ಹೇಳಿದ. ಅಮರೇಶ ಒಪ್ಪಲಿಲ್ಲ. "ತೆಗಿ ಅಂದ್ರ ಎಲ್ಲಾ ತೆಗಿ. ಮಾವನ ದನಿ ಗುಡುಗಬೇಕು."

ಕೆಲಸಕ್ಕೆ ನಾಲ್ಕು ತಾಸು ಹಿಡಿಯಿತು. ಬಾಗಿಲುಗಳನ್ನು ಬ್ರಷ್ ಹಾಕಿ ತೊಳೆದು ಒಣಗಿಸಿದ. ತಗಡು ನಡುಗದಂತೆ ಒಳಮೈಗೆ ಡಾಂಬರಿನಂಥ ದಪ್ಪ ಹಾಳೆ ಅಂಟಿಸಿ ರೋಲರ್ ಉರುಳಿಸಿದ. ಪರದೆಯಿರುವ ಹೊಸ ಸ್ಟೀರಿಯೊ, ನೀರಿಗೆ ಕೆಡದ ನಾಲ್ಕು ಸ್ಪೀಕರ್, ಸೀಟಿನ ಕೆಳಗೆ ಮಣ್ಣು ತಾಗದಂತೆ ಎತ್ತರಿಸಿದ ಸಣ್ಣ ಆಂಪ್ಲಿಫೈಯರ್, ವೈರುಗಳಿಗೆಲ್ಲ ರಬ್ಬರಿನ ಕೊಳವೆ. ದೊಡ್ಡ ವೂಫರ್ ಡಬ್ಬಿ ಬೇಡವೆಂದ: "ಡೋಲು ಬೇಕಾದ್ರ ಅದು. ನಿಮ್ಗೆ ಮನುಷ್ಯಾನ ದನಿ ಬೇಕಲ್ಲ?" ನಡುವೆ ನಾವು ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಮಾವ ಗುಳಿಗೆ ತಂದು, ಅನ್ನ ಮಜ್ಜಿಗೆ ಉಂಡು, ಮತ್ತೆ ಅದೇ ಬೆಂಚಿಗೆ ಹೋದರು. ಏನು ನಡೆದಿದೆ ಎಂಬುದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಎರಡು ದಾಟಿದ ಮೇಲೆ ರಫೀಕ ಅಮರೇಶನನ್ನು ಸ್ಟೀರಿಂಗ್ ಮುಂದೆ ಕೂರಿಸಿ ಅದೇ ಪದ ಹಾಕಿದ. ಎಡಗಡೆಯಿಂದ ಹುಸೇನಪ್ಪನವರ ದನಿ ಎದ್ದು ನಿಂತಿತು. ನಾನು ಜೀಪಿನ ಹೊರಗಿದ್ದೆ. ಇಪ್ಪತ್ತೈದು ವರ್ಷದ ಹಿಂದೆ ಕೇಳಿದ್ದು ಅದೇ. ಸಾಲು ಮುಗಿಯಿತು. ಆಗ ಬಲಗಡೆಯಿಂದ ನಾಲ್ವರ ದನಿ ಒಮ್ಮೆಲೇ ಉತ್ತರ ಕೊಟ್ಟಿತು. ಅಮರೇಶ ಬೆಚ್ಚಿಬಿದ್ದು ಬಾಗಿಲ ಕಡೆ ತಿರುಗಿದ.

ನಾವು ಗುಜುಗುಜು ಎಂದುಕೊಂಡಿದ್ದು ಹಿಮ್ಮೇಳ. ಪದ ಹಾಡುವಾಗ ಮುಂದಾಳು ಒಂದು ಕಡೆ, ಹಿಮ್ಮೇಳದವರು ಅವನಿಗೆ ಎದುರಾಗಿ ಇನ್ನೊಂದು ಕಡೆ ನಿಲ್ಲುತ್ತಾರೆ. ಮೈಕ್ ಸೆಟ್ಟಿನವನು ಎರಡು ಕಡೆಗೂ ಒಂದೊಂದು ಮೈಕ್ ಇಟ್ಟು, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಚ್ಚಿದ್ದ. ಬಲಗಡೆ ಸತ್ತಿದ್ದರಿಂದ ಇಷ್ಟು ದಿನ ಅಮರೇಶನಿಗೆ ಅರ್ಧ ಪದವೇ ಕೇಳಿತ್ತು.

ಮಾವ ರಸ್ತೆ ದಾಟುತ್ತಿದ್ದರು. ಒಂದು ಬೈಕು ಹಾರ್ನ್ ಹೊಡೆದು ಪಕ್ಕಕ್ಕೆ ಸರಿಯಿತು, ಅವರು ನೋಡಲಿಲ್ಲ. ಎಡಗಡೆಯ ಸೀಟು ಹತ್ತಿ ಕುಳಿತು ತಲೆ ಬಗ್ಗಿಸಿದರು. ಪ್ರತಿ ಉತ್ತರಕ್ಕೂ ಬೆರಳು ಮಡಿಚಿ ಹೆಸರು ಹೇಳಿದರು. "ಇಂವ ಮಲ್ಲಪ್ಪ... ಎಳೀತಾನ ನೋಡು. ಇಂವ ಖಾಸಿಂ." ಮಲ್ಲಪ್ಪ, ಖಾಸಿಂ ಈಗ ಇಲ್ಲ. ಉಳಿದಿಬ್ಬರು ಊರಲ್ಲಿದ್ದಾರೆ, ಮುಂದೆ ಹೇಳುವವರಿಲ್ಲದೆ ಅವರೂ ಹಾಡುವುದನ್ನು ಬಿಟ್ಟಿದ್ದಾರೆ.

ಪದ ಮುಗಿಯಿತು. ಅಮರೇಶನ ಕಣ್ಣು ತುಂಬಿತ್ತು. ರಫೀಕ ಉತ್ಸಾಹದಿಂದ ಕೇಳಿದ: "ಕಾಕಾ, ನಿಮ್ ದನಿ ಇನ್ನಾ ಸ್ವಲ್ಪ ಮುಂದಕ್ಕ ತರ್ಲೇನು?"

ಮಾವ ಬೇಡವೆಂದು ತಲೆಯಾಡಿಸಿದರು. "ಅದನ್ನ ತೆಗಿ."

"ಏನ್ ತೆಗೀಲಿ?"

"ನನ್ನ ದನಿ. ಅವ್ರದ ಅಷ್ಟ ಇರ್ಲಿ."

ರಫೀಕ ಅಮರೇಶನ ಕಡೆ ನೋಡಿದ. ಅಮರೇಶ ಸ್ಟೀರಿಂಗ್ ಹಿಡಿದುಕೊಂಡೇ ಮಾವನ ಕಡೆ ತಿರುಗಿದ. "ಇಷ್ಟೆಲ್ಲಾ ಮಾಡ್ಸಿದ್ದು ನಿನ್ ದನಿ ಸಲುವಾಗಿ ಮಾವಾ," ಎಂದ. "ನನಗ ಅದು ಬೇಕು."

"ನಿನಗ ಬೇಕಾದಾಗ ಈ ಕಡೆ ತಿರುವ್ಕೊ. ನಾ ಕುಂತಾಗ ಆ ಕಡೆ ಇರ್ಲಿ," ಎಂದರು ಮಾವ. "ನಾ ಏನ್ ಹಾಡ್ತಿದ್ನಿ ಅನ್ನೂದು ನನಗ ಗೊತ್ತೈತಿ. ಅವತ್ತು ನೀ ಹಾಕಿದಾಗ ಒಬ್ಬನ ಒದರಾಕತ್ತಿದ್ನಿ. ಯಾರೂ ಓ ಅನ್ನಲಿಲ್ಲ."

ರಫೀಕ ಪರದೆಯ ಮೇಲೆ ಬೆರಳು ಇಟ್ಟು ಸದ್ದನ್ನೆಲ್ಲ ಬಲಕ್ಕೆ ಸರಿಸಿದ. ಎಡಗಡೆ ಮೌನವಾಯಿತು.

ನಾಲ್ಕರ ಬಿಸಿಲಲ್ಲಿ ಹಿಂತಿರುಗಿದೆವು. ಪದ ಮುಗಿದಾಗಲೆಲ್ಲ ಅಮರೇಶ ಮತ್ತೆ ಮೊದಲಿಗೆ ಹಚ್ಚುತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ನನಗೆ ಮಾವನ ಬೆನ್ನಷ್ಟೇ ಕಾಣುತ್ತಿತ್ತು. ಸಾಲಿನ ಹೊತ್ತು ಬಂದಾಗ ಅವರ ಭುಜ ಸ್ವಲ್ಪ ಮೇಲೇರುತ್ತಿತ್ತು. ತುಟಿಯಾಡಿಸುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ಅದು ಪಕ್ಕದ ಅಮರೇಶನಿಗೂ ಕೇಳಿರಲಾರದು.

ಮಸ್ಕಿಯಲ್ಲಿ ನಾನು ಇಳಿದೆ. ನನಗೆ ಲಿಂಗಸುಗೂರಿನ ಬಸ್ಸು, ಅವರಿಗೆ ಪಾಮನಕಲ್ಲೂರಿನ ದಾರಿ. ಅಮರೇಶ ಎಂಜಿನ್ ಆರಿಸಿ ನನ್ನ ಚೀಲ ಇಳಿಸಿಕೊಟ್ಟ. ಹಾಡು ನಿಂತಿರಲಿಲ್ಲ. ಮಾವ ನನ್ನನ್ನು ನೋಡಿ ಕೈ ಎತ್ತಿದರು, ಮತ್ತೆ ಮುಂದೆ ನೋಡುತ್ತ ಬಾಯಿ ತೆರೆದರು. ಎರಡು ಮಾರು ದೂರ ನಿಂತ ನನಗೆ ಏನೂ ಕೇಳಲಿಲ್ಲ. ಒಂದು ಸಾಲಿನಷ್ಟು ಹೊತ್ತು ಹಾಗೇ ಕಳೆಯಿತು. ಆಮೇಲೆ ನಾಲ್ಕೂ ಜನ ಅವರಿಗೆ ಓಗೊಟ್ಟರು.