ಪಾಯದಲ್ಲಿ ಎದ್ದ ಗಂಗೆ

ನಮ್ಮತ್ತೆಗೆ ಮಂಡಿ ಆಪರೇಷನ್ ಆದಮೇಲೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಕುಕ್ಕರಗಾಲಲ್ಲಿ ಕೂರಬಾರದು, ಮೆಟ್ಟಿಲು ಹತ್ತಬಾರದು. ನಮ್ಮ ಕಕ್ಕಸು ಇರುವುದು ಹಿತ್ತಲಿನ ಆ ತುದಿಯಲ್ಲಿ, ಮೂರು ಮೆಟ್ಟಿಲ ಮೇಲೆ. ಅದಕ್ಕೇ ಅಡುಗೆಮನೆ ಪಕ್ಕದ ಹಳೇ ಉಗ್ರಾಣ ಕೆಡವಿ, ಅಲ್ಲೇ ಕಮೋಡು ಇರುವ ಬಚ್ಚಲು ಕಟ್ಟಿಸಲು ಹೊರಟೆ. ಅವರು ಜಾರಿ ಬೀಳುವುದರೊಳಗೆ ಮುಗಿಯಬೇಕು, ಅಷ್ಟೇ ನನ್ನ ಆಸೆ.

ನಮ್ಮ ಕೊಡಿಗೇನಹಳ್ಳಿಯಲ್ಲಿ ಸಾವಿರ ಅಡಿ ಬೋರು ಕೊರೆಸಿ ಬರೀ ಧೂಳು ಕಂಡವರು ಬೀದಿಗೊಬ್ಬರು ಸಿಗುತ್ತಾರೆ. ಆದರೆ ಆ ವರ್ಷ ಮಳೆ ಹುಚ್ಚೆದ್ದು ಸುರಿದು, ಜಯಮಂಗಲಿ ಹೊಳೆ ಹರಿದು, ಕೆರೆ ಕೋಡಿ ಬಿದ್ದಿತ್ತು. ನಮ್ಮ ಮನೆ ಕೆರೆ ಏರಿಯ ಹಿಂದೆಯೇ. ಪಾಯ ನಾಲ್ಕನೇ ಅಡಿಗೆ ಇಳಿಯುವಷ್ಟರಲ್ಲಿ ತಳದಿಂದ ನೀರು ಜಿನುಗಿತು. ಊಟ ಮುಗಿಸಿ ಬಂದರೆ ಮೊಣಕಾಲುದ್ದ!

ಮೇಸ್ತ್ರಿ ಪಾವಗಡದ ಕಡೆಯವನು. "ಭಯಪಡ್ಬ್ಯಾಡಿ ಅಕ್ಕಾ. ಮೂಲೇಲಿ ಗುಂಡಿ ತೋಡಿ ನೀರೆಲ್ಲ ಅಲ್ಲಿಗೆ ಎಳೀತೀನಿ. ಮೋಟ್ರು ಇಟ್ಟು ಆಚೆಗೆ ಹಾಕ್ತಾ ಇದ್ರೆ ತಳ ಒಣಗ್ತದೆ, ಜಲ್ಲಿ ತುಂಬಿ ಕಾಂಕ್ರೀಟ್ ಹಾಕ್ಬುಡಾನ. ತಡ ಮಾಡಿದ್ರೆ ಮಾತ್ರ ಅಡುಗೆಮನೆ ಮಣ್ಣುಗೋಡೆ ನೆಂದು ಕುಸೀತದೆ" ಅಂದ.

ಮೋಟರು ಐದು ನಿಮಿಷ ಓಡಿರಲಿಲ್ಲ, ನಿಂತಿತು. ನೋಡಿದರೆ ಅತ್ತೆ ವಾಕರ್ ತಳ್ಳಿಕೊಂಡು ಬಂದು, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಾರೆ.

"ತಾನಾಗೇ ಬಂದ ಗಂಗಮ್ಮನ ಚರಂಡಿಗೆ ಬುಡ್ತೀಯೇನಮ್ಮ? ಒಂದು ಕೊಡ ನೀರಿಗೆ ಮೈಲಿಗಟ್ಲೆ ನಡ್ದೋಳು ನಾನು!"

"ಇದನ್ನ ಕಟ್ಟಿಸ್ತಿರೋದೇ ನಿಮಗೋಸ್ಕರ ಅತ್ತೆ!"

"ಕಟ್ಟು, ಯಾರು ಬ್ಯಾಡ ಅಂದ್ರು? ನೀರು ಚೆಲ್ಬ್ಯಾಡ."

ನೀರು ಚೆಲ್ಲದೆ ಪಾಯ ಹಾಕುವುದು ಹೇಗೆ ಅಂತ ಅವರನ್ನೇ ಕೇಳಿ! ಅಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತು. ಬಂದ ಹೆಂಗಸರು ನೋಡಿ ಹೋಗಬಾರದೇ? ಬಿಂದಿಗೆ ತಂದು ಪಾಯದೊಳಗೇ ಇಳಿದರು. ಅಗೆದ ಅಂಚು ಅವರ ಕಾಲಿಗೆ ಸಿಕ್ಕಿ ಉದುರಿತು. ಮೇಸ್ತ್ರಿ ತಡೆಯುತ್ತಾನೆ ಅಂತ ನೋಡಿದರೆ, ಅವನೂ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಗಂಡನನ್ನು ಕೇಳಿದೆ. "ಅವ್ವ ಹೇಳೋದೂ ಸರಿ, ನೀನು ಹೇಳೋದೂ ಸರಿ" ಅಂದು ಕೆರೆ ಕೋಡಿ ನೋಡಲು ಹೊರಟುಬಿಟ್ಟರು. ಅಯ್ಯೋ, ನನ್ನ ಪಾಡು ಯಾರಿಗೂ ಬೇಡ.

ಮೂರು ದಿನ ಹೀಗೇ. ಅಡುಗೆಮನೆ ಗೋಡೆಯಲ್ಲಿ ತೇವ ಮೊಳದುದ್ದ ಏರಿತು. ಮೂರನೇ ದಿನ ಬೆಳಿಗ್ಗೆ ಅತ್ತೆ ಹಿತ್ತಲ ಮೆಟ್ಟಿಲಲ್ಲಿ ಜಾರಿದರು. ಹಿಂದೆಯೇ ಇದ್ದೆ, ಹಿಡಿದುಕೊಂಡೆ. ವಾಕರಿಗೆ ಆನಿಸಿ ನಿಲ್ಲಿಸಿದೆ. ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು.

"ಏನು ಮಾಡಿದ್ರೆ ಆ ನೀರು ತೆಗೆಯೋಕೆ ಬಿಡ್ತೀರಾ, ಅದನ್ನಾದ್ರೂ ಹೇಳಿ!" ಎಂದು ಬೀದಿಗೆ ಕೇಳುವಂತೆ ಕಿರುಚಿದೆ.

"ಮೊದ್ಲು ಪೂಜೆ ಮಾಡು. ಆಮ್ಯಾಕೆ ತಗ್ಸು" ಅಂದರು.

ಅಷ್ಟೇ ತಾನೇ! ಅರಿಶಿನ, ಕುಂಕುಮ, ಹೂವು, ಹಸಿರು ಬಳೆ ಎಲ್ಲ ತಂದೆ. ಭಕ್ತಿಯಿಂದಲ್ಲ, ಪೀಡೆ ತೊಲಗಲಿ ಅಂತ. ಪಾಯದ ಅಂಚಿನಲ್ಲಿ ಕೂತು ನನ್ನ ಕೈಯಾರೆ ಕರ್ಪೂರ ಹಚ್ಚಿದೆ. ಅತ್ತೆ ಕಣ್ಣೊರೆಸಿಕೊಂಡು ಪ್ಲಗ್ ಬಿಟ್ಟುಕೊಟ್ಟರು. ಮೋಟರು ಎರಡು ದಿನ ಓಡಿತು, ಕಾಂಕ್ರೀಟ್ ಬಿತ್ತು, ಗೋಡೆ ಉಳಿಯಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ತಿಂಗಳೊಳಗೆ ಬಚ್ಚಲು ಸಿದ್ಧವಾಯಿತು. ಬಿಳಿ ಕಮೋಡು, ಹಿಡಿದು ಏಳಲು ಸ್ಟೀಲ್ ಕಂಬಿ, ಕಾಲು ಜಾರದ ಟೈಲ್ಸು. ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋದೆ. ಹೊಸಿಲಲ್ಲೇ ನಿಂತು ಒಳಗೆಲ್ಲ ನೋಡಿದರು. ಆಮೇಲೆ ನೆಲಕ್ಕೆ ಕೈಮುಗಿದು ಹಿಂದಕ್ಕೆ ತಿರುಗಿದರು.

"ಬಾಳ ಚೆನ್ನಾಗೈತೆ. ನನ್ ಕೈಲಾಗಾಕಿಲ್ಲ ಕಣಮ್ಮ. ಗಂಗಮ್ಮ ಎದ್ದ ಜಾಗ. ಅದ್ರ ಮ್ಯಾಲೆ ಕುಂತ್ಕೊಳ್ಳಾದ?"

"ನೀರು ಹೋಯ್ತಲ್ಲ ಅತ್ತೆ!"

"ನೀರು ಹೋಯ್ತು. ಅವ್ಳೆಲ್ಲಿಗೋಗ್ತಾಳೆ? ಕೆಳಗೇ ಅವ್ಳೆ. ನೀನೇ ಅಲ್ವಾ ಕರ್ಪೂರ ಹಚ್ಚಿದ್ದು?" ಅವರ ದನಿಯಲ್ಲಿ ಕೊಂಕೇನೂ ಇರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದೆ, ಯಾರನ್ನು ಅಂತ ಬೈಯಲಿ? ವಾಕರನ್ನು ಹಿತ್ತಲ ಕಡೆ ತಿರುಗಿಸಿ ಅವರ ತೋಳು ಹಿಡಿದುಕೊಂಡೆ. "ನಿಧಾನ ಅತ್ತೆ, ಮೆಟ್ಟಿಲು ಬಂತು" ಅಂದೆ.