ಕರಿಬಟ್ಟೆಯೊಳಗಿನ ಹಳದಿ ಹರಳು

ಮಂಡಿ ಮೊಹಲ್ಲಾದಲ್ಲಿ ರೋಸ್ಲಿನ್‌ಳನ್ನು ಎಲ್ಲರೂ ‘ಡಾಕ್ಟ್ರಮ್ಮ’ ಎನ್ನುತ್ತಾರೆ. ಅವಳು ರೋಗಿಗಳನ್ನು ನೋಡುವ ಡಾಕ್ಟರೂ ಅಲ್ಲ, ಪಿಎಚ್.ಡಿ. ಮಾಡಿದ ಡಾಕ್ಟರೂ ಅಲ್ಲ. ಮೊದಮೊದಲು ತಿದ್ದುತ್ತಿದ್ದಳು, ಈಗ ಬಿಟ್ಟಿದ್ದಾಳೆ. ಕೇಳಿದಾಗಲೆಲ್ಲ ಮೈ ಉರಿಯುವುದು ನನಗೆ.

ನಾನು ಹೇಮಶ್ರೀ. ಅವಳ ಜೊತೆಗೇ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದವಳು. ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದು ಬೇಗನೆ ಅರ್ಥವಾಗಿ, ಇಲವಾಲದ ಹೈಸ್ಕೂಲಿನಲ್ಲಿ ಪಾಠ ಮಾಡಲು ಹೋದೆ. ರೋಸ್ಲಿನ್ ಬಿಡಲಿಲ್ಲ. ಹಟಮಾರಿ ಎಂದರೆ ಅವಳೇ.

ಆ ಹಟ ಹುಟ್ಟಿದ್ದು ಅವಳಪ್ಪನ ವೆಲ್ಡಿಂಗ್ ಶಾಪಿನಲ್ಲಿ. ತೋಮಸ್ ಅಂಕಲ್ ಗೇಟು, ಕಿಟಕಿ ಸರಳು ಮಾಡುವವರು. ಚಿಕ್ಕವಳಿದ್ದಾಗ ಒಮ್ಮೆ ಇವಳು ಅಪ್ಪನ ಮಾತು ಮೀರಿ ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿಬಿಟ್ಟಳು. ಸಂಜೆಗೆ ಕಣ್ಣಿಗೆ ಮರಳು ಸುರಿದ ಹಾಗಾಗಿ ಒಂದೇ ಗೋಳಾಟ. ಅಮ್ಮ ಗ್ರೇಸಿ ಒದ್ದೆಬಟ್ಟೆ ಹಾಕುತ್ತಾ ಬೈಯುತ್ತಿದ್ದರೆ ಇವಳ ಪ್ರಶ್ನೆ ಒಂದೇ: “ಬೆಳಕು ಆವಾಗ್ಲೇ ಹೋಯ್ತಲ್ಲಮ್ಮ, ಉರಿ ಯಾಕೆ ಇನ್ನೂ ಹೋಗಿಲ್ಲ?”

ದೊಡ್ಡವಳಾದ ಮೇಲೆ ಅವಳು ಹಿಡಿದುಕೊಂಡಿದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಕ್ಯಾಡ್ಮಿಯಂ ಸಲ್ಫೈಡ್ ಎನ್ನುವ ಅರೆವಾಹಕದ ಹರಳು. ನೋಡಲು ಅರಿಶಿನದ ಬಣ್ಣ. ಕತ್ತಲಲ್ಲಿ ಅದರೊಳಗೆ ವಿದ್ಯುತ್ ಹರಿಯುವುದಿಲ್ಲ ಎಂದರೂ ನಡೆಯುತ್ತದೆ. ಎಲೆಕ್ಟ್ರಾನುಗಳು ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ. ಬೆಳಕು ಬಿದ್ದರೆ ಅದರ ಶಕ್ತಿ ತಗೊಂಡು ಮೇಲೆದ್ದು ಓಡಾಡುತ್ತವೆ, ವಿದ್ಯುತ್ ಹರಿಯುತ್ತದೆ. ಬೆಳಕು ಆರಿಸಿದರೆ ವಾಪಸು ಬಂದು ಕೂರಬೇಕು. ಆದರೆ ರೋಸ್ಲಿನ್ ಒಂಚೂರು ತಾಮ್ರ ಬೆರೆಸಿ ಬೆಳೆಸಿದ ಹರಳಿನಲ್ಲಿ ಅವು ಬೇಗ ವಾಪಸು ಬರುತ್ತಿರಲಿಲ್ಲ. ವಸ್ತುಪ್ರದರ್ಶನಕ್ಕೆ ಹೋದ ಮಕ್ಕಳ ಹಾಗೆ, ಕರೆದರೂ ಬರುವುದಿಲ್ಲ. ಬೆಳಕು ಹೋಗಿ ತಿಂಗಳುಗಟ್ಟಲೆಯಾದರೂ ಸಣ್ಣಗೆ ವಿದ್ಯುತ್ ಹರಿಯುತ್ತಲೇ ಇರುತ್ತಿತ್ತು. ಅದು ಕೊನೆಗೆ ಪೂರ್ತಿ ನಿಲ್ಲುತ್ತದೋ, ಅಥವಾ ಒಂದಿಷ್ಟು ಶಾಶ್ವತವಾಗಿ ಉಳಿದುಬಿಡುತ್ತದೋ? ಅವಳ ಪ್ರಬಂಧವೆಲ್ಲ ನಿಂತಿದ್ದು ಈ ಒಂದು ಉತ್ತರದ ಮೇಲೆ.

ಉತ್ತರ ಬೇಕಾದರೆ ಹರಳನ್ನು ಕತ್ತಲಲ್ಲಿಟ್ಟು ಕಾಯಬೇಕು, ಅಷ್ಟೆ. ಮೊದಲನೇ ಹರಳು ಬಿರುಕು ಬಿಟ್ಟಿತು. ಎರಡನೆಯದರ ಅಳತೆ ಕರೆಂಟು ಹೋಗಿ ಕೆಟ್ಟಿತು. ಮೂರನೆಯದು ಚೆನ್ನಾಗಿ ಬಂತು, ಅಷ್ಟರಲ್ಲಿ ಹರಳು ಬೆಳೆಸುವ ಕುಲುಮೆಯೇ ಸುಟ್ಟುಹೋಯಿತು. ಹಾಗಾಗಿ ಆ ಮೂರನೆಯದೇ ಕೊನೆಯದು. ಫೆಲೋಶಿಪ್ ಮುಗಿದಿತ್ತು, ಪ್ರಬಂಧ ಸಲ್ಲಿಸುವ ಗಡುವನ್ನು ಎಷ್ಟು ಮುಂದೂಡಬಹುದೋ ಅಷ್ಟೂ ಮುಂದೂಡಿಯಾಗಿತ್ತು, ಆ ಸಣ್ಣ ವಿದ್ಯುತ್ತನ್ನು ಅಳೆಯುವ ಮೀಟರು ಬೇರೆ ಊರಿನ ಸಂಸ್ಥೆಯಿಂದ ಎರವಲು ತಂದದ್ದು. ದಸರಾ ಮುಗಿದ ಮೇಲೆ ಅದನ್ನು ವಾಪಸು ಕಳಿಸಬೇಕಿತ್ತು. ಒಳಕೋಣೆಯಲ್ಲಿ, ಗಾಜಿನ ಕಿಂಡಿಯಿದ್ದ ಪೆಟ್ಟಿಗೆಯಲ್ಲಿ ಹರಳನ್ನಿಟ್ಟು ಮೇಲೆ ದಪ್ಪ ಕರಿಬಟ್ಟೆ ಹೊದಿಸಿದಳು. ಹೊರಕೋಣೆಯ ಕಂಪ್ಯೂಟರಿನಲ್ಲಿ ಆ ವಿದ್ಯುತ್ತಿನ ಅಳತೆ ತೋರಿಸುವ ಗೆರೆ ದಿನದಿನವೂ ಕೆಳಗಿಳಿಯುವುದನ್ನು ನೋಡುತ್ತಾ ಕೂತಳು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ದಸರಾ ಹೊತ್ತಿಗೆ ಗೆರೆ ತಳ ಮುಟ್ಟುವುದರಲ್ಲಿತ್ತು.

ಆಯುಧಪೂಜೆ ದಿನ ತೋಮಸ್ ಅಂಕಲ್ ಶಾಪಿನಲ್ಲೂ ಪೂಜೆ. ಗೋಡೆಯ ಶಿಲುಬೆಗೂ ಚೆಂಡುಹೂವು, ವೆಲ್ಡಿಂಗ್ ಮಿಷಿನ್ನಿಗೂ ಚೆಂಡುಹೂವು. ಬೂದುಗುಂಬಳ ಒಡೆಯುವುದು ಹಳೇ ಕೆಲಸಗಾರ ನಂಜಯ್ಯ, ಕಡಲೆಪುರಿ ಹಂಚುವುದು ರೋಸ್ಲಿನ್. ನಾನೂ ಹೋಗಿದ್ದೆ.

“ಹೇಮಾ, ಲ್ಯಾಬಿಗೆ ಹೋಗಿ ಬರೋಣ ಬಾರೇ,” ಎಂದಳು. “ನಮ್ಮ ಪುಟ್ಟಣ್ಣ ಒಬ್ರೇ ಪೂಜೆ ಮಾಡ್ತಿದ್ದಾರೆ. ನನ್ನ ಮಿಷಿನ್ನಿಗೂ ಮಾಡಿ ಅಂತ ನಾನೇ ಹೇಳಿದ್ದೀನಿ. ಇಲ್ಲಾಂದ್ರೆ ಪಾಪ, ಬೇಜಾರು ಮಾಡ್ಕೋತಾರೆ.”

ಪುಟ್ಟಣ್ಣ ಆ ಲ್ಯಾಬಿನ ಅಟೆಂಡರ್. ಇವಳೆಂದರೆ ಜೀವ. ಒಳಕೋಣೆಯಲ್ಲಿ ಯಾರಾದರೂ ದೀಪದ ಸ್ವಿಚ್ ಮುಟ್ಟಿದರೆ ಕೈ ಮುರಿಯುವವನ ಹಾಗೆ ಕಾವಲು ಕಾದಿದ್ದ.

ನಾವು ಹೋದಾಗ ಲ್ಯಾಬೆಲ್ಲ ಕರ್ಪೂರದ ವಾಸನೆ. ರೋಸ್ಲಿನ್ ನಗುತ್ತಲೇ ಕಂಪ್ಯೂಟರ್ ಮುಂದೆ ನಿಂತಳು, ನಿಂತೇ ಇದ್ದಳು. ನಾನು ಬಗ್ಗಿ ನೋಡಿದೆ. ಅಷ್ಟು ದಿನ ಇಳಿದ ಗೆರೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಮೇಲಕ್ಕೆ ಹೋಗಿತ್ತು.

ಒಳಗೆ ಪೆಟ್ಟಿಗೆಯ ಮೇಲೆ ಕರಿಬಟ್ಟೆ ಇರಲಿಲ್ಲ. ಕಿಂಡಿಯ ಮೇಲುಗಡೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಹೆಗಲ ಮೇಲೆ ಹೊದಿಸಿದಂತೆ ಹೊಸ ಹಳದಿ ರವಿಕೆ ಕಣ. ಎರಡು ಕಡೆ ಹಣತೆ ಉರಿಯುತ್ತಿತ್ತು.

“ಸ್ವಿಚ್ ಮುಟ್ಟಿಲ್ಲ ಕಣಮ್ಮ,” ಎಂದ ಪುಟ್ಟಣ್ಣ, ಹೆಮ್ಮೆಯಿಂದ. “ಆ ಕರಿಬಟ್ಟೆ ಮಾತ್ರ ತೆಗ್ದ್ಬುಟ್ಟೆ. ಅಬ್ಬದ ದಿನ ಯಾರಾದ್ರೂ ಕರೀದು ಒದೀತಾರಾ? ರವಿಕೆ ಕಣ ನಮ್ಮನೆಯವಳೇ ಕೊಟ್ಲು. ಒಳಗಡೆ ಕಲ್ಲಿಗೂ ಬೆಳಕು ತಾಗ್ಲಿ ಅಂತ ಮಂಗಳಾರತಿನ ಆ ಗಾಜಿನ ಅತ್ರಾನೇ ಇಡ್ದೆ. ಎಂಗೈತೆ?”

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದು ಹೊರಬೀಳುವ ಮೊದಲೇ ರೋಸ್ಲಿನ್ ನನ್ನ ಮುಂಗೈ ಹಿಡಿದು ಒತ್ತಿದಳು. ಉಗುರು ನಾಟಿತು.

“ತುಂಬ ಚೆನ್ನಾಗಿದೆ ಪುಟ್ಟಣ್ಣ,” ಎಂದಳು. ಆರತಿ ತಟ್ಟೆಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ಮೊದಲಿಂದ ಕಾಯೋಣವೆಂದರೆ ಮೀಟರೂ ಇಲ್ಲ, ಸಮಯವೂ ಇಲ್ಲ. ಅವಳ ಮಾರ್ಗದರ್ಶಕರು ಮೋಹನ್ ಸರ್ ನಿವೃತ್ತಿಯ ಗಡಿಬಿಡಿಯಲ್ಲಿದ್ದರು. ಗೆರೆ ನೋಡಿ, “ಇಷ್ಟು ಇಳಿದಿದೆಯಲ್ಲಮ್ಮ, ಇನ್ನು ಸೊನ್ನೆಗೇ ಹೋಗೋದು. ಆ ಬಾಲ ಒಂದಿಷ್ಟು ಕೈಯಲ್ಲೇ ಎಳೆದು ಸಬ್ಮಿಟ್ ಮಾಡು. ಯಾರು ಕತ್ತಲಲ್ಲಿ ಕೂತು ನೋಡ್ತಾರೆ?” ಎಂದರಂತೆ.

ನಾನೂ ಅದನ್ನೇ ಹೇಳಿದೆ, ಜಗಳವನ್ನೇ ಆಡಿದೆ. “ಎಳೀ ಕಣೇ! ಹತ್ತು ವರ್ಷ ಹಾಳು ಮಾಡ್ಕೊಂಡಿದ್ದೀಯ, ಬೆರಳುದ್ದ ಗೆರೆಗೆ ಏನು ಮಡಿ ನಿಂದು?”

“ಎಲ್ಲಿಗೆ ಇಳಿಯುತ್ತೆ ಅಂತ ಗೊತ್ತಿದ್ದಿದ್ರೆ ನಾನು ಯಾಕೆ ಕಾಯ್ತಾ ಕೂತಿದ್ದೆ ಹೇಮಾ?” ಎಂದಳು. ಅಷ್ಟೇ ಅವಳು ಆಡಿದ್ದು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು, ನಾನೂ ಅತ್ತೆ.

ಪ್ರಬಂಧ ಸಲ್ಲಿಸಲಿಲ್ಲ. ಈಗ ರಾಜೀವನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಬೇರೆ ಕಡೆ ಹೋಗಿ ಮತ್ತೆ ಶುರು ಮಾಡು ಎಂದು ನಾನು ಮೊದಲು ಹೇಳುತ್ತಿದ್ದೆ. ವಯಸ್ಸಿನ ಮಿತಿ ದಾಟಿತು, ನಾನೂ ಸುಮ್ಮನಾದೆ. ಪೂಜೆಯಲ್ಲಿ ಏನಾಯಿತೆಂದು ಅವಳು ಪುಟ್ಟಣ್ಣನಿಗೆ ಹೇಳಲಿಲ್ಲ, ನನ್ನಿಂದಲೂ ಆಣೆ ಹಾಕಿಸಿಕೊಂಡಳು. ಅವನೋ, ಲ್ಯಾಬು ಬಿಟ್ಟು ಹೊರಟುಹೋದಳೆಂದರೆ ಪಾಸಾಗಿಯೇ ಹೋದಳು ಎಂದುಕೊಂಡು ಮಂಡಿ ಮೊಹಲ್ಲಾ ತುಂಬ ಸಾರಿದ. ಆ ‘ಡಾಕ್ಟ್ರಮ್ಮ’ ಅವನದೇ ಕಾಣಿಕೆ. ಪ್ರತಿ ಆಯುಧಪೂಜೆಗೂ ಕಡಲೆಪುರಿ ಕಟ್ಟಿಕೊಂಡು ಅವಳ ಮನೆಗೆ ಬರುತ್ತಾನೆ.

ಈ ಸಲ ಮೊಮ್ಮಗಳು ಸಿಂಚನಳನ್ನೂ ಕರೆತಂದಿದ್ದ. ನಾನು ಅಲ್ಲೇ ಇದ್ದೆ.

“ಇವಳ್ನೂ ಸೈನ್ಸಿಗೇ ಆಕಿವ್ನಿ. ನಿಮ್ಮಂಗೇ ಆಗ್ಲಿ ಅಂತ ಅರಸಿ, ಡಾಕ್ಟ್ರಮ್ಮ,” ಎಂದ.

ಹುಡುಗಿ ಕಾಲಿಗೆ ಬಿದ್ದು ಎದ್ದಳು. ಕಣ್ಣು ಚುರುಕು. “ಮೇಡಂ, ತಾತ ಹೇಳ್ತಿರ್ತಾರೆ, ನಿಮ್ಮ ಹತ್ರ ಬೆಳಕನ್ನ ಮರೀದೇ ಇರೋ ಹಳದಿ ಕಲ್ಲಿತ್ತಂತೆ. ಕೊನೆಗೆ ಅದು ಮರೀತಾ?”

ರೋಸ್ಲಿನ್ ಕಾಫಿ ಲೋಟ ಕೆಳಗಿಟ್ಟಳು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಮೋಹನ್ ಸರ್ ಕೂಡ.

“ಗೊತ್ತಿಲ್ಲ ಕಣಮ್ಮ,” ಎಂದಳು. “ನೋಡೋಕಾಗ್ಲಿಲ್ಲ.”

ಪುಟ್ಟಣ್ಣ ಮೊಮ್ಮಗಳ ಕಡೆ ತಿರುಗಿ ನಕ್ಕ. “ನೋಡ್ದಾ? ಓದ್ದೋರು ಎಂಗೆ ತಗ್ಗಿ ಬಗ್ಗಿ ಮಾತಾಡ್ತಾರೆ, ಕಲ್ತ್ಕೋ,” ಎಂದು ಪುರಿಯ ಪೊಟ್ಟಣ ಬಿಚ್ಚಿ ರೋಸ್ಲಿನ್ ಕೈಗೆ ಸುರಿದ.